ಮೇಲಿಂದ ಎಲ್ಲ ಹೊಲವೂ ಚಂದ

ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ. ಶೇಂಗಾ ಗಿಡ ಒಂದೆರಡು ಕಿತ್ತು, ಕಾಯಿ ಎಷ್ಟು ಬಲಿತಿವೆ ಅಂತ ಬಿಡಿಸಿ ನೋಡುತ್ತಿದ್ದೆ. ದಾವಣಗೆರೆಯಿಂದ ಅಕ್ಕನ ಫೋನು ಬಂತು. ಅವಳು ಆ ಹೊತ್ತಿನಲ್ಲಿ ಫೋನ್ ಮಾಡುವವಳಲ್ಲ. "ಪುಟ್ಟಿ ವಿಮಾನ ಬಿದ್ದೈತಂತೆ" ಅಂದಳು. ಆಮೇಲೆ ಮಾತಿಲ್ಲ. ಭಾವ ಫೋನ್ ಇಸಿದುಕೊಂಡು "ಜೀವಕ್ಕೇನೂ ಆಗಿಲ್ಲ, ಅವಳೇ ಮಾತಾಡಿದ್ಲು" ಅಂದ ಮೇಲೆ ನಾನು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ. ಕೈಯಲ್ಲಿ ಎಳೆ ಶೇಂಗಾ ಹಾಗೇ ಇತ್ತು.

ಪುಟ್ಟಿ ಅಂದರೆ ಅಕ್ಕನ ಮಗಳು. ಬೇರೆ ರಾಜ್ಯದ ಒಂದು ಕೇಂದ್ರದಲ್ಲಿ ಪೈಲಟ್ ತರಬೇತಿ ಪಡೆಯುತ್ತಿದ್ದಾಳೆ. ನಮ್ಮ ದೇಶದಲ್ಲಿ ಕಮರ್ಷಿಯಲ್ ಲೈಸೆನ್ಸ್ ಸಿಗಬೇಕಾದರೆ 200 ಗಂಟೆ ಹಾರಿರಬೇಕು. ಅವಳದು ಆಗ ಐವತ್ತು ಗಂಟೆಯೂ ದಾಟಿರಲಿಲ್ಲ. ಒಂದೊಂದು ಗಂಟೆಗೂ ಭಾವ ಎಷ್ಟು ಕಟ್ಟುತ್ತಾರೆ ಅಂತ ಕೇಳಿದ ದಿನ ನಾನು ನನ್ನ ಶೇಂಗಾ ಲೆಕ್ಕ ಬರೆಯುವ ಪುಸ್ತಕ ಮುಚ್ಚಿಟ್ಟಿದ್ದೆ. ಒಂದು ಸೈಟು ಅದಕ್ಕೇ ಹೋಯಿತು.

ಒಂದು ವಿಷಯದಲ್ಲಿ ಅವಳು ಹಟ ಹಿಡಿಯುತ್ತಾಳೆ. ಯಾರಾದರೂ "ವಿಮಾನ ಬಿತ್ತಂತಲ್ಲ" ಅಂದರೆ ತಕ್ಷಣ ತಿದ್ದುತ್ತಾಳೆ. "ಬಿದ್ದಿಲ್ಲ. ಇಳಿಸಿದ್ವಿ. ಇಳಿಸಿದ ಮೇಲೆ ಮಗುಚಿತು." ಮೊದಮೊದಲು ನನಗೆ ಇದು ಮಾತಿನ ಚಮತ್ಕಾರ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ.

ಆವತ್ತು ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇದ್ದರು. ಸೆಸ್ನಾ ಅನ್ನುವ ಪುಟ್ಟ ವಿಮಾನ. ಒಂದೇ ಎಂಜಿನ್, ರೆಕ್ಕೆ ತಲೆಯ ಮೇಲೆ. ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿದ್ದಾಗ ಎಂಜಿನ್ ಕೆಮ್ಮತೊಡಗಿತು. ಹಳೇ ಲೂನಾ ಪೆಟ್ರೋಲ್ ಮುಗಿದಾಗ ಕೆಮ್ಮುತ್ತಿತ್ತಲ್ಲ, ಹಾಗೆ ಅಂತ ನಾನು ಅಂದುಕೊಂಡೆ. ಅವಳು ಲೂನಾ ನೋಡಿಲ್ಲ. ಆಮೇಲೆ ನಿಂತೇಹೋಯಿತು.

ಎಂಜಿನ್ ನಿಂತರೆ ವಿಮಾನ ಕಲ್ಲಿನ ಹಾಗೆ ಬೀಳುತ್ತದೆ ಅಂತಲೇ ನಾನು ಇಷ್ಟು ದಿನ ನಂಬಿದ್ದೆ. ಹಾಗಲ್ಲವಂತೆ. ಇಂಥ ವಿಮಾನ ಒಂದು ಮೀಟರ್ ಕೆಳಗೆ ಇಳಿಯುವಷ್ಟರಲ್ಲಿ ಹೆಚ್ಚುಕಡಿಮೆ ಒಂಬತ್ತು ಮೀಟರ್ ಮುಂದೆ ಹೋಗುತ್ತದೆ. ಮೂರು ಸಾವಿರ ಅಡಿ ಅಂದರೆ ಎಂಟು ಕಿಲೋಮೀಟರ್ ತೇಲಬಹುದು. ಸಮಯ ಲೆಕ್ಕ ಹಾಕಿದರೆ ನಾಲ್ಕು ನಿಮಿಷ. ದಾವಣಗೆರೆಯಲ್ಲಿ ಭಾನುವಾರ ಬೆಣ್ಣೆ ದೋಸೆಗೆ ಕಾಯುವುದು ಇದಕ್ಕಿಂತ ಜಾಸ್ತಿ.

ಆ ನಾಲ್ಕು ನಿಮಿಷದಲ್ಲಿ ಮಾಡಬೇಕಾದ ಕೆಲಸದ ಪಟ್ಟಿ ಕೇಳಿದರೆ ತಲೆ ತಿರುಗುತ್ತದೆ. ಮೊದಲು ಮೂತಿಯನ್ನು ಸರಿಯಾದ ಮಟ್ಟಕ್ಕೆ ತಂದು ತೇಲುವ ವೇಗ ಹಿಡಿಯಬೇಕು. ಇಳಿಯಲು ಜಾಗ ಹುಡುಕಬೇಕು. ಇಂಧನದ ನಲ್ಲಿ, ಮಿಕ್ಸ್ಚರ್ (ಪೆಟ್ರೋಲ್-ಗಾಳಿಯ ಹದ), ಮ್ಯಾಗ್ನೆಟೊ (ಕಿಡಿ ಹೊತ್ತಿಸುವುದು) ಎಲ್ಲ ನೋಡಿ ಎಂಜಿನ್ ಮತ್ತೆ ಎಬ್ಬಿಸಲು ಯತ್ನಿಸಬೇಕು. ರೇಡಿಯೊದಲ್ಲಿ ಮೂರು ಸಲ "ಮೇಡೇ" ಹೇಳಬೇಕು, ಅಪಾಯದಲ್ಲಿದ್ದೇವೆ ಅಂತ ಕೂಗುವ ಮಾತು ಅದು. ಕೊನೆಗೆ ಇಂಧನ ಬಂದ್ ಮಾಡಿ, ನೆಲ ಮುಟ್ಟುವ ಮೊದಲೇ ಬಾಗಿಲ ಚಿಲಕ ತೆಗೆದಿಡಬೇಕು. ಚಿಲಕ ಯಾಕೆ ಅಂದೆ. ಬಾಡಿ ಸೊಟ್ಟಗಾದರೆ ಬಾಗಿಲು ಕಚ್ಚಿಕೊಂಡು ತೆರೆಯುವುದಿಲ್ಲ, ಅದಕ್ಕೆ ಅಂದಳು. ಅಷ್ಟು ದೂರದ ಯೋಚನೆ ಯಾರೋ ಮೊದಲೇ ಮಾಡಿ ಪಟ್ಟಿಗೆ ಸೇರಿಸಿದ್ದಾರೆ. ಯಾರಿಗೋ ಆ ಬಾಗಿಲು ತೆರೆಯದೆ ಹೋಗಿದ್ದಕ್ಕೇ ಸೇರಿಸಿರಬೇಕು ಅಲ್ವಾ?

ಪಟ್ಟಿಯಲ್ಲಿ ನನಗೆ ತುಂಬ ಹಿಡಿಸಿದ್ದು ಕಾರ್ಬ್ಯುರೇಟರ್, ಅಂದರೆ ಎಂಜಿನ್ನಿಗೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಕೊಡುವ ಭಾಗ, ಅದನ್ನು ಬಿಸಿ ಮಾಡುವ ಗುಂಡಿ. ಹೊರಗೆ ಬೆವರು ಕಿತ್ತು ಬರುವ ಹವೆ ಇದ್ದರೂ ಕಾರ್ಬ್ಯುರೇಟರ್ ಒಳಗೆ ಐಸ್ ಕಟ್ಟಬಹುದಂತೆ. ನಾನು ನಂಬಲಿಲ್ಲ. "ಮಾಮ, ನಿಮ್ಮನೆ ಮಣ್ಣಿನ ಮಡಕೆ ನೀರು ಯಾಕೆ ತಣ್ಣಗಿರುತ್ತೆ?" ಅಂತ ಕೇಳಿದಳು. ಮಡಕೆಯ ಮೈಯಿಂದ ನೀರು ಆರುವಾಗ ತಂಪು ಮಾಡಿಕೊಂಡು ಹೋಗುತ್ತದೆ. ಇಲ್ಲಿ ಪೆಟ್ರೋಲ್ ಆವಿಯಾಗುವಾಗ ಅದೇ ಕೆಲಸ ಇನ್ನೂ ಜೋರಾಗಿ ನಡೆಯುತ್ತದೆ. ಗಾಳಿಯ ಬಿಸಿ 20 ಡಿಗ್ರಿಗಿಂತ ಹೆಚ್ಚು ಇಳಿಯಬಹುದು. ಗಾಳಿಯಲ್ಲಿ ಪಸೆ ಇದ್ದರೆ ಅದು ಐಸಾಗಿ ಗಂಟಲು ಕಟ್ಟುತ್ತದೆ. ಮಳೆಗಾಲದ ಕೊನೆಯ ತೇವದ ದಿನಗಳು ಇದಕ್ಕೆ ಹೇಳಿ ಮಾಡಿಸಿದ ಹಾಗೆ. ಆವತ್ತು ಆಗಿದ್ದು ಇದೇನಾ ಅಂತ ಯಾರೂ ಹೇಳಿಲ್ಲ, ತನಿಖೆ ನಡೆಯುತ್ತಿದೆ. ಗುಂಡಿ ಎಳೆದರೂ ಎಂಜಿನ್ ಏಳಲಿಲ್ಲ ಅನ್ನುವುದಷ್ಟೇ ಗೊತ್ತು.

ಈಗ ಹೊಲದ ವಿಷಯಕ್ಕೆ ಬರುತ್ತೇನೆ. ನಾನು ಬರೆಯಲು ಕೂತಿದ್ದೇ ಅದಕ್ಕೆ.

ಎಂಜಿನ್ ನಿಂತ ಕೂಡಲೇ ಇನ್‌ಸ್ಟ್ರಕ್ಟರ್ ಕಂಟ್ರೋಲ್ ತಮ್ಮ ಕೈಗೆ ತೆಗೆದುಕೊಂಡರು. "ಜಾಗ ನೋಡು" ಅಂದರು. ಪುಟ್ಟಿ ಕೆಳಗೆ ನೋಡಿದಳು. ಎಡಕ್ಕೆ ಒಂದು ಉದ್ದನೆಯ ಹಸಿರು ಹೊಲ. ಕಂಬ ಇಲ್ಲ, ಮರ ಇಲ್ಲ, ಜಮಖಾನ ಹಾಸಿದ ಹಾಗೆ ಸಮ. ಅದರಾಚೆ ಒಂದು ಕೆಂಚು ಜಾಗ, ಅಲ್ಲಲ್ಲಿ ಹುಲ್ಲು, ಅಲ್ಲಲ್ಲಿ ಬೋಳು, ನೋಡಲು ತೇಪೆ ಹಾಕಿದ ಕಂಬಳಿ. ಅವಳು ಹಸಿರಿನ ಕಡೆ ಬೆರಳು ತೋರಿಸಿದಳು. ಯಾರಾದರೂ ಅದನ್ನೇ ತೋರಿಸುತ್ತಿದ್ದರು. ಇನ್‌ಸ್ಟ್ರಕ್ಟರ್ ಕೂಡ ಸರಿ ಅಂದರು.

ಅದು ಎರೆ ಹೊಲ. ಸೋಯಾ ಹಾಕಿದ್ದರು. ಹಿಂದಿನ ಎರಡು ದಿನ ಮಳೆ ಬಿದ್ದಿತ್ತು.

ಎರೆ ನೆಲದಲ್ಲಿ ನಡೆದವರಿಗೆ ಮುಂದಿನದು ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕಬ್ಬಿಣದ ಹಾಗೆ ಗಟ್ಟಿಯಾಗಿ ಕಾಲು ತೂರುವಷ್ಟು ಬಿರುಕು ಬಿಡುವ ಅದೇ ಮಣ್ಣು, ಎರಡು ಮಳೆಗೆ ಹಿಟ್ಟಾಗುತ್ತದೆ. ಚಪ್ಪಲಿ ಹೆಜ್ಜೆಹೆಜ್ಜೆಗೂ ಒಂದೊಂದು ಕೆಜಿ ಹೆಚ್ಚುತ್ತದೆ. ಮಳೆ ಬಿದ್ದ ಎರಡನೇ ದಿನ ಎರೆ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿದವನನ್ನು ನಮ್ಮೂರಲ್ಲಿ ವರ್ಷವಿಡೀ ಆಡಿಕೊಳ್ಳುತ್ತಾರೆ. ಇಲ್ಲಿ ಇಳಿದದ್ದು ವಿಮಾನ. ಹಿಂದಿನ ಎರಡು ಚಕ್ರ ನೆಲ ಮುಟ್ಟಿದಾಗ ಎಲ್ಲ ಸರಿಯಿತ್ತು. ಮೂತಿಯ ಕೆಳಗಿನ ಸಣ್ಣ ಚಕ್ರ ಊರಿತು ನೋಡಿ, ಹೂತುಕೊಂಡಿತು. ಎಂಜಿನ್ನಿನ ಭಾರವೆಲ್ಲ ಮುಂದೆ, ಹಿಂದೆ ಓಡುವ ರಭಸ. ಎತ್ತು ಮುಗ್ಗರಿಸಿ ಗಾಡಿಯ ಮೂಕಿ ನೆಲಕ್ಕೆ ಊರಿದ ಹಾಗೆ. ವಿಮಾನ ಬೆನ್ನಿನ ಮೇಲೆ ಮಗುಚಿತು.

ಇಬ್ಬರೂ ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದರು. ಪೆಟ್ರೋಲ್ ವಾಸನೆ. ಕಿವಿಯ ಹತ್ತಿರ ಎಲ್ಲೋ ತೊಟತೊಟ ಸದ್ದು. ಕೈ ಊರಿಕೊಳ್ಳದೆ ಬೆಲ್ಟ್ ಬಿಚ್ಚಿದರೆ ಕುತ್ತಿಗೆ ಮೇಲೆ ಬೀಳುತ್ತೇವೆ ಅಂತ ಅವಳಿಗೆ ನೆನಪಾಯಿತು. ಇನ್‌ಸ್ಟ್ರಕ್ಟರ್‌ಗೆ ಕೈ ಎತ್ತಲು ಆಗುತ್ತಿರಲಿಲ್ಲ, ಭುಜದ ಮೂಳೆ ಮುರಿದಿತ್ತು. ಚಿಲಕ ತೆಗೆದಿದ್ದ ಬಾಗಿಲು ಅರ್ಧ ತೆರೆಯಿತು. ಹೊಲದವನು ಓಡಿಬಂದು ಕುಡುಗೋಲಿನಿಂದ ಅವರ ಬೆಲ್ಟ್ ಕುಯ್ದ. ಪುಟ್ಟಿಗೆ ಹಣೆಯ ಮೇಲೆ ಐದು ಹೊಲಿಗೆ.

ಬೆಂಕಿ ಹತ್ತಲಿಲ್ಲ. ಇದನ್ನು ಬರೆಯುವಾಗ ಈಗಲೂ ಒಂದು ಕ್ಷಣ ಪೆನ್ನು ನಿಲ್ಲುತ್ತದೆ. (ಪೆನ್ನಲ್ಲ, ಮೊಬೈಲ್. ಅಭ್ಯಾಸಬಲ.)

ಆಮೇಲೆ ಜನ ಬಂದರು. ಅದನ್ನು ಅವಳು ಹೇಳುವಾಗ ನನಗೆ ನಮ್ಮೂರೇ ಕಣ್ಣ ಮುಂದೆ ಬಂತು. 2019ರ ಸೆಪ್ಟೆಂಬರ್ 17ರಂದು ನಮ್ಮ ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿ ಹತ್ತಿರ ಬೆಳಿಗ್ಗೆ ಬೆಳಿಗ್ಗೆ ಒಂದು ವಿಮಾನ ಬಿದ್ದಿತ್ತು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ರುಸ್ತುಂ-2. ಕುದಾಪುರದ ಪರೀಕ್ಷಾ ವಲಯದಿಂದ ಹಾರಿದ್ದು. ಸುದ್ದಿ ಕೇಳಿದ ಎಲ್ಲರದೂ ಒಂದೇ ಪ್ರಶ್ನೆ, "ಒಳಗೆ ಯಾರಿದ್ರು?" ಯಾರೂ ಇರಲಿಲ್ಲ. ಪೈಲಟ್ ನೆಲದ ಮೇಲೆ ಕೂತು ನಡೆಸುವ ವಿಮಾನ ಅದು. ರೆಕ್ಕೆ ತುದಿಯಿಂದ ತುದಿಗೆ 20 ಮೀಟರ್‌ಗಿಂತ ಹೆಚ್ಚು, ಒಳಗೆ ಸೀಟೇ ಇಲ್ಲ. ಜನಕ್ಕೆ ಇದು ಅರಗಲೇ ಇಲ್ಲ. 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದೀಕೆರೆ ಹತ್ತಿರ ಅದೇ ಜಾತಿಯ ಇನ್ನೊಂದು ಬಿತ್ತು. ತಪಸ್ ಅಂತ ಅದಕ್ಕೆ ಇನ್ನೊಂದು ಹೆಸರು ಅಷ್ಟೇ. ಆಗಲೂ ಜಮೀನಿನಲ್ಲೇ. ಆಗಲೂ ಮೊಬೈಲ್ ಹಿಡಿದ ಜನ.

ಒಳಗೆ ಜನ ಇದ್ದ ಕತೆಯೂ ಅದೇ ವರ್ಷ ಆಗಿತ್ತು. 2023ರ ಜೂನ್ 1ರಂದು ಚಾಮರಾಜನಗರದ ಭೋಗಾಪುರದ ಹತ್ತಿರ ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಿತ್ತು. ಒಳಗಿದ್ದ ಇಬ್ಬರೂ ಪ್ಯಾರಾಚೂಟ್‌ನಲ್ಲಿ ಇಳಿದರು. ಕಿರಣ್‌ನಲ್ಲಿ ಸೀಟು ಸಮೇತ ಮೇಲಕ್ಕೆ ಚಿಮ್ಮುವ ವ್ಯವಸ್ಥೆ ಇದೆ. ಸೆಸ್ನಾದಲ್ಲಿ ಅಂಥದ್ದೇನೂ ಇಲ್ಲ. ಏನಾದರೂ ಆದರೆ ವಿಮಾನದ ಜೊತೆಗೇ ನೆಲಕ್ಕೆ ಬರಬೇಕು, ಯಾರದೋ ಹೊಲಕ್ಕೆ.

ಆ ಯಾರೋ ಒಬ್ಬನನ್ನು ಪುಟ್ಟಿ ಮರೆಯುತ್ತಿಲ್ಲ. ವಿಮಾನದಿಂದ ಹಾಳಾಗಿದ್ದು ನಾಲ್ಕು ಸಾಲು ಸೋಯಾ ಇರಬಹುದು. ನೋಡಲು ಬಂದವರು ತುಳಿದದ್ದು ಅರ್ಧ ಎಕರೆ. ಪೊಲೀಸರು ಹಗ್ಗ ಕಟ್ಟಿದರು, ತನಿಖೆಯವರು ಬರುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಕುಡುಗೋಲು ಹಿಡಿದೇ ನಿಂತಿದ್ದ ಆ ಮನುಷ್ಯ ಅವಳ ಹತ್ತಿರ ಬಂದು, ಬೈಯದೆ, ಮೆಲ್ಲಗೆ ಕೇಳಿದನಂತೆ: ಬೆಳೆ ದುಡ್ಡು ಯಾರು ಕೊಡ್ತಾರೆ? ಅವಳ ಹತ್ತಿರ ಉತ್ತರ ಇರಲಿಲ್ಲ. ಜೀವ ಉಳಿಸಿದವನಿಗೆ ಥ್ಯಾಂಕ್ಸ್ ಹೇಳುವುದೋ ಸಾರಿ ಕೇಳುವುದೋ ಗೊತ್ತಾಗದೆ ಅತ್ತುಬಿಟ್ಟಳಂತೆ.

ದಾವಣಗೆರೆಯ ಮನೆಯಲ್ಲಿ ಆಮೇಲೆ ಒಂದು ವಾರ ಜಾತ್ರೆ. ದುರ್ಗಾಂಬಿಕೆಗೆ ಹರಕೆ ತೀರಿತು. ನೆಂಟರು ಬಂದರು, ಮಂಡಕ್ಕಿ ಮೆಣಸಿನಕಾಯಿ ತಿಂದರು, "ಹೆಣ್ಮಕ್ಕಳಿಗೆ ಇದೆಲ್ಲ ಯಾಕೆ ಬೇಕಿತ್ತು" ಅಂದರು. ನಮ್ಮ ದೇಶದ ಪೈಲಟ್‌ಗಳಲ್ಲಿ ಸುಮಾರು ಶೇ 15 ಹೆಣ್ಣುಮಕ್ಕಳು, ಜಗತ್ತಿನಲ್ಲೇ ಇದು ದೊಡ್ಡ ಪ್ರಮಾಣ ಅಂತ ಭಾವ ಅಂಕಿ ಸಂಖ್ಯೆ ಹೇಳಲು ಹೋಗಿ ಸುಮ್ಮನಾದರು. ಎಲ್ಲರಿಗೂ ಬೇಕಿದ್ದದ್ದು ಒಂದೇ, ತಪ್ಪು ಯಾರದು? ಇಂಥ ತನಿಖೆಗೆ ಜಗತ್ತೆಲ್ಲ ಒಪ್ಪಿದ ಒಂದು ನಿಯಮ ಇದೆಯಂತೆ. ಮತ್ತೆ ಹಾಗಾಗದಂತೆ ತಡೆಯುವುದಷ್ಟೇ ಅದರ ಗುರಿ, ಯಾರ ಮೇಲೂ ತಪ್ಪು ಹೊರಿಸುವುದಲ್ಲ. ಪುಟ್ಟಿ ಇದನ್ನು ಎಲ್ಲರಿಗೂ ಹೇಳಿದಳು. ತನಗೆ ತಾನು ಹೇಳಿಕೊಳ್ಳಲಿಲ್ಲ ಅನ್ನುವುದು ನನಗೆ ದೀಪಾವಳಿಗೆ ಗೊತ್ತಾಯಿತು.

ದೀಪಾವಳಿಗೆ ನಮ್ಮ ಹಳ್ಳಿಗೆ ಬಂದಿದ್ದಳು. ಕಣದ ಹತ್ತಿರ ಕೂತಿದ್ದಾಗ ಕೇಳಿದಳು, "ಮಾಮ, ನೀನಾಗಿದ್ರೆ ಯಾವ ಹೊಲ ತೋರಿಸ್ತಿದ್ದೆ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಆ ತೇಪೆ ಕಂಬಳಿ" ಅಂದೆ. ಹುಲ್ಲು ಕೆಂಚಾಗಿ, ಅಲ್ಲಲ್ಲಿ ಬೋಳಾಗಿ ಇದ್ದರೆ ಅದು ಮಸಾರಿ, ಅಂದರೆ ಕೆಂಪು ಮರಳುಮಣ್ಣು, ಕೆಳಗೆ ಗರಸು ಕಲ್ಲು ಇರುತ್ತದೆ. ಎಷ್ಟೇ ಮಳೆ ಬಂದರೂ ಮಾರನೇ ದಿನ ಎತ್ತಿನ ಗಾಡಿ ಓಡುತ್ತದೆ. ಬೆಳೆ ಚೆನ್ನಾಗಿ ಬರುವ ನೆಲ ಚಕ್ರಕ್ಕೆ ಕೆಟ್ಟದ್ದು. ದನ ಬಿಟ್ಟ ನೆಲ ಚಕ್ರಕ್ಕೆ ಒಳ್ಳೇದು. ಅದಕ್ಕೇ ನೋಡು, ಡಿಆರ್‌ಡಿಒದವರು ರನ್‌ವೇ ಮಾಡಲು ಹುಡುಕಿಕೊಂಡು ಬಂದದ್ದು ದನ ಮೇಯುವ ನಮ್ಮ ಅಮೃತಮಹಲ್ ಕಾವಲಿಗೆ. (ಆ ಕಾವಲು ಹೋದದ್ದಕ್ಕೆ ಕುರಿ ಮೇಯಿಸುವವರ ಹೊಟ್ಟೆಯುರಿ ಬೇರೆ ಇದೆ. ಅದು ಇನ್ನೊಂದು ದಿನದ ಬರಹ.)

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು. ಕೊನೆಗೆ ಒಂದೈನೂರು ಅಡಿ ಇದ್ದಾಗ ಹಸಿರಿನ ನಡುವೆ ನೀರು ಮಿನುಗಿದ್ದು ಅವಳಿಗೆ ಕಂಡಿತ್ತು. "ಸರ್, ಆಚೆ ಕಡೆ ಹೋಗೋಣ" ಅಂದಿದ್ದಳು. ಅವರು "ಬೇಡ" ಅಂದರು, ಅಷ್ಟೇ, ಒಂದೇ ಪದ.

ಆ "ಬೇಡ" ಯಾಕೆ ಅಂತ ಅವಳೇ ಬಿಡಿಸಿ ಹೇಳಿದಳು. ರೆಕ್ಕೆ ಹೊರುವುದು ಓಡುವ ಗಾಳಿಯನ್ನು ನಂಬಿ. ವೇಗ ಒಂದು ಮಿತಿಗಿಂತ ಕಡಿಮೆಯಾಗಿ ಮೂತಿ ಮೇಲಾದರೆ ರೆಕ್ಕೆ ಕೈಬಿಡುತ್ತದೆ, ಅದಕ್ಕೆ ಸ್ಟಾಲ್ ಅನ್ನುತ್ತಾರೆ. ತಿರುಗಲು ವಿಮಾನವನ್ನು ವಾಲಿಸಿದರೆ ಆ ಮಿತಿಯೇ ಮೇಲೇರುತ್ತದೆ. 60 ಡಿಗ್ರಿ ವಾಲಿಸಿ ಮಟ್ಟ ಕಾಯ್ದುಕೊಂಡರೆ ರೆಕ್ಕೆ ಎರಡು ಪಟ್ಟು ಭಾರ ಹೊರಬೇಕು, ಸ್ಟಾಲ್ ವೇಗ ಸುಮಾರು 1.4 ಪಟ್ಟು ಆಗುತ್ತದೆ. ನೆಲದ ಹತ್ತಿರ, ಎಂಜಿನ್ ಇಲ್ಲದೆ, ಒಳ್ಳೆಯ ಹೊಲದ ಆಸೆಗೆ ತಿರುಗಿಸಿದವರೂ ಮೂತಿ ಎತ್ತಿ ಇನ್ನಷ್ಟು ದೂರ ಎಳೆಯಲು ಹೋದವರೂ ಒಂದು ಪಕ್ಕಕ್ಕೆ ತಿರುಚಿಕೊಂಡು ಬೀಳುತ್ತಾರೆ. ಅದು ನಿಜವಾಗಿ ಬೀಳುವುದು. ಕೆಟ್ಟ ಹೊಲಕ್ಕೆ ಹಿಡಿತದಲ್ಲಿ ಇಳಿದವರು ಭುಜ ಮುರಿದುಕೊಂಡು ಎದ್ದು ಬರುತ್ತಾರೆ.

"ಬಿದ್ದಿಲ್ಲ, ಇಳಿಸಿದ್ವಿ" ಅನ್ನುವ ಅವಳ ಹಟ ನನಗೆ ಅರ್ಥವಾದದ್ದು ಆವತ್ತು.

ಆದರೂ "ಬೆರಳು ತೋರಿಸಿದ್ದು ನಾನೇ" ಅನ್ನುವುದು ಅವಳ ತಲೆಯಿಂದ ಹೋಗಿರಲಿಲ್ಲ. ಮಾರನೇ ದಿನ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಚಿತ್ರದುರ್ಗಕ್ಕೆ ಹೋದೆ. ಕಲ್ಲಿನ ಕೋಟೆ ಹತ್ತಿ, ಏದುಸಿರು ಬಿಡುತ್ತಾ ತುಪ್ಪದಕೊಳದ ಬತೇರಿ ತಲುಪಿದೆವು. ಅಲ್ಲಿಂದ ಸುತ್ತ ಹೊಲಗಳು ಕಾಣುತ್ತವೆ, ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರ. ನನ್ನ ಲೆಕ್ಕ ಇಷ್ಟೇ, ಮೇಲಿಂದ ಹೊಲ ಓದುವುದನ್ನು ಈ ಹುಡುಗಿಗೆ ಕಲಿಸಬೇಕು. ಮೂವತ್ತು ವರ್ಷ ಮಣ್ಣು ತುಳಿದ ಜಂಬ ಬೇರೆ.

ಮೊದಲು ಗಾಳಿ. ಅದರಲ್ಲಿ ಅವಳೇ ಮುಂದಿದ್ದಳು. "ಗಾಳಿಯಂತ್ರದ ಮುಖ ಯಾವ ಕಡೆ ಇದೆಯೋ ಗಾಳಿ ಆ ಕಡೆಯಿಂದ ಬರ್ತಿದೆ" ಅಂದಳು. ನಾನು ನಮ್ಮಜ್ಜಿ ಮೊರ ಹಿಡಿದು ರಾಶಿ ತೂರುತ್ತಿದ್ದದ್ದನ್ನು ಹೇಳಿದೆ. ಗಾಳಿ ಬಂದಾಗ ತೂರಿಕೋ ಅನ್ನುವ ಮಾತು ಇವರಿಗೆ ಉಲ್ಟಾ, ಗಾಳಿಗೆ ಎದುರಾಗಿ ಇಳಿಯಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಇಳಿಯುವ ವಿಮಾನಕ್ಕೆ 20 ಕಿ.ಮೀ. ಗಾಳಿ ಎದುರಿದ್ದರೆ ನೆಲದ ಮಟ್ಟಿಗೆ ಅದು 60. ಗಾಳಿ ಹಿಂದಿದ್ದರೆ 100. ಹೊಡೆತದ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುವುದರಿಂದ ಎರಡಕ್ಕೂ ಹತ್ತಿರ ಹತ್ತಿರ ಮೂರು ಪಟ್ಟು ಅಂತರ.

ಆಮೇಲೆ ನನ್ನ ಸರದಿ. ತೋರಿಸುತ್ತಾ ಹೋದೆ. ಅದು ಅಡಿಕೆ, ಕನಸಲ್ಲೂ ಬೇಡ. ಅದು ಈರುಳ್ಳಿ, ಮಡಿ ಮಾಡಿರ್ತಾರೆ, ಏರುತಗ್ಗು. ಅಲ್ಲಿ ಉತ್ತಿದ್ದಾರೆ, ಹೆಂಟೆ ಇರ್ತವೆ. ಆ ಎರಡು ಹುಣಸೆ ಮರದ ಪಕ್ಕ, ಮೆಕ್ಕೆಜೋಳ ಕಟಾವಾದ ಹೊಲ ನೋಡು. ಕೆಂಪು ನೆಲ, ಉದ್ದ ಇದೆ, ಕಂಬ ಇಲ್ಲ, ಗಾಳಿಗೂ ಎದುರು. ನಾನಾದರೆ ಕಣ್ಣು ಮುಚ್ಚಿ ಅಲ್ಲಿ ಇಳಿಸುತ್ತಿದ್ದೆ.

"ಹೋಗಿ ನೋಡೋಣ್ವಾ?" ಅಂದಳು.

ಹುಣಸೆ ಮರ ಹುಡುಕಿಕೊಂಡು ಹೋಗಲು ಮುಕ್ಕಾಲು ಗಂಟೆ ಹಿಡಿಯಿತು. ಗಾಡಿ ನಿಲ್ಲಿಸಿ ಹೊಲಕ್ಕಿಳಿದೆವು. ನೆಲ ಗಟ್ಟಿಯೇ ಇತ್ತು, ಅಷ್ಟರ ಮಟ್ಟಿಗೆ ನನ್ನ ಮಾನ ಉಳಿಯಿತು. ಜೋಳದ ಕೂಳೆ ಓರೆಯಾಗಿ ಕುಯ್ದು ಗೂಟದ ಹಾಗೆ ನಿಂತಿದ್ದವು. ನೂರು ಹೆಜ್ಜೆ ಹೋದಮೇಲೆ ಬೋರ್‌ವೆಲ್ಲಿನ ಕೇಸಿಂಗ್ ಪೈಪು ಮೊಣಕಾಲೆತ್ತರ. ಅದರಾಚೆ ಬಾಂದುಕಲ್ಲು. ಅದರಾಚೆ ಹೊಲದ ಅಡ್ಡಲಾಗಿ, ಈ ತುದಿಯಿಂದ ಆ ತುದಿಗೆ, ಜೆಸಿಬಿಯಲ್ಲಿ ತೋಡಿಸಿದ ಮೂರಡಿ ಟ್ರೆಂಚು. ಅಣ್ಣತಮ್ಮಂದಿರು ಪಾಲಾಗಿರಬೇಕು. ಬತೇರಿಯಿಂದ ಎರಡೂ ಸೇರಿ ಒಂದೇ ಹೊಲವಾಗಿ ಕಂಡಿತ್ತು.

ಪುಟ್ಟಿ ಟ್ರೆಂಚಿನ ಅಂಚಿನಲ್ಲಿ ಕೂತು ಒಳಗೆ ಕಾಲು ಇಳಿಬಿಟ್ಟಳು. ನನ್ನ ಮುಖ ನೋಡಿದಳು. ಆಮೇಲೆ ನಗತೊಡಗಿದಳು. ಹಣೆಯ ಹೊಲಿಗೆ ಗುರುತು ಎಳೆಯುವಷ್ಟು ನಗು. ಸೆಪ್ಟೆಂಬರ್ ಆದಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಅಷ್ಟರಲ್ಲಿ ಹುಣಸೆ ಮರದ ಕಡೆಯಿಂದ ಟವೆಲ್ ಕೊಡವುತ್ತಾ ಒಬ್ಬರು ಬಂದರು. ಹೊಲದವರು. ನಮ್ಮನ್ನೂ ಗಾಡಿಯನ್ನೂ ಒಮ್ಮೆ ಅಳೆದು ನೋಡಿ, "ಜಮೀನ್ ನೋಡೋಕ್ ಬಂದ್ರಾ? ಕೊಡೋದಿಲ್ಲ ಇದು" ಅಂದರು.

"ಇಲ್ಲ ಅಣ್ಣ" ಅಂದಳು ಪುಟ್ಟಿ, ಕಣ್ಣೊರೆಸಿಕೊಳ್ಳುತ್ತಾ. "ಇಲ್ಲಿ ಇಳಿಯೋಕ್ ಆಗುತ್ತಾ ಅಂತ ನೋಡ್ತಿದ್ವಿ."

"ಇಳಿದೀರಲ್ಲ" ಅಂದರು ಅವರು.